ಅಜ್ಜನಿಗೆ ಏನೂ ಆಗಲಿಲ್ಲ, ಚಿಕ್ಕಪ್ಪನಿಗೆ ಬಾಯಿ ಕ್ಯಾನ್ಸರ್: ಇದು ಜೀನಿನಲ್ಲೇ ಇರುತ್ತದೆಯೇ?

ತೋಟದ ಮಾಣಿ, ಶಿರಸಿ

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಗೊತ್ತಿದ್ದವರು ಓದಿ ಹೇಳಬೇಕು.

ನಮ್ಮದು ಅಡಿಕೆ ತೋಟದ ಮನೆ. ಊಟ ಆದಮೇಲೆ ಕವಳ (ಎಲೆ ಅಡಿಕೆ), ಚಾ ಆದಮೇಲೆ ಕವಳ, ಯಾರಾದರೂ ಬಂದರೆ ಮಾತಿಗೆ ಮೊದಲು ಕವಳ. ಅಜ್ಜ ತಂಬಾಕು ಸೇರಿಸಿಯೇ ಹಾಕುತ್ತಿದ್ದರು. ತೊಂಬತ್ತು ದಾಟಿ ಬದುಕಿದರು, ಬಾಯಲ್ಲಿ ಒಂದು ಹುಣ್ಣೂ ಇರಲಿಲ್ಲ. ಚಿಕ್ಕಪ್ಪ ಅದೇ ತಬಕಿನ (ಕವಳದ ತಟ್ಟೆಯ) ಎಲೆ, ಅದೇ ಸುಣ್ಣ, ಅದೇ ತಂಬಾಕು ಹಾಕಿದವರು. ಐವತ್ತು ತುಂಬುವ ಮೊದಲೇ ಕೆನ್ನೆಯ ಒಳಗೆ ಗಡ್ಡೆ ಬಂತು. ದವಡೆಯ ಒಂದು ಭಾಗ ತೆಗೆದರು, ರೇಡಿಯೇಶನ್ ಆಯಿತು. ಈಗ ಗಂಜಿ ಬಿಟ್ಟು ಬೇರೇನೂ ಗಂಟಲಿಗೆ ಇಳಿಯುವುದಿಲ್ಲ.

ಅಣ್ಣ ಎಲ್ಲೋ ಒಂದು ಜಾಹೀರಾತು ನೋಡಿದ್ದಾನೆ. ಎಂಜಲು ಕಳಿಸಿದರೆ ಜೀನ್ ಪರೀಕ್ಷೆ ಮಾಡಿ, ಕ್ಯಾನ್ಸರ್ ತರುವ ವಸ್ತುಗಳನ್ನು ದೇಹದಲ್ಲಿ ಚುರುಕುಗೊಳಿಸುವ ಎಂಜೈಮ್ ನಿಮ್ಮಲ್ಲಿ ಎಷ್ಟಿದೆ ಎಂದು ಹೇಳುತ್ತಾರಂತೆ. ಅಣ್ಣನ ಲೆಕ್ಕ ಇಷ್ಟು: ಅಜ್ಜನ ಜೀನ್ ಬಂದಿದ್ದರೆ ಕವಳ ಬಿಡುವ ಅಗತ್ಯ ಇಲ್ಲ, ಚಿಕ್ಕಪ್ಪನ ಜೀನ್ ಬಂದಿದ್ದರೆ ಬಿಡೋಣ. ಆಯಿ ಇದನ್ನು ಕೇಳಿ ಅಳುತ್ತಾಳೆ. ನನಗೆ ಎಂತ ಮಾಡವು ಹೇಳಿ ಗೊತ್ತಾಗ್ತಿಲ್ಲೆ.

ಈ ಎಂಜೈಮ್ ವಿಚಾರ ನಿಜವೇ? ಪರೀಕ್ಷೆ ಮಾಡಿಸಬಹುದೇ? ನಮ್ಮ ಮಕ್ಕಳಿಗೂ ಮಾಡಿಸಬೇಕೇ?

ಗಂಗಾವಳಿ, ಅಂಕೋಲಾ

ಚಿಕ್ಕಪ್ಪನ ಸುದ್ದಿ ಕೇಳಿ ಬೇಜಾರಾಯಿತು. ನಮ್ಮ ಕಡೆಯೂ ಪ್ರತಿ ಕೇರಿಯಲ್ಲೂ ಇಂಥ ಒಬ್ಬರಿದ್ದಾರೆ. ಎಂಜೈಮ್ ವಿಷಯ ನನಗೆ ತಿಳಿಯದು. ಕುಮಟಾದ ಅಘನಾಶಿನಿ ಅಕ್ಕ ಕಾಲೇಜಿನಲ್ಲಿ ಜೀವರಸಾಯನ ಕಲಿಸುವವರು, ಅವರು ನೋಡಿದರೆ ಉತ್ತರ ಕೊಟ್ಟಾರು.

ಅಘನಾಶಿನಿ, ಕುಮಟಾ

ತಮ್ಮಾ, ಎಂಜೈಮ್ ವಿಚಾರ ನಿಜ. ನಿನ್ನ ಅಣ್ಣನ ಲೆಕ್ಕ ಮಾತ್ರ ತಪ್ಪು. ಎರಡನ್ನೂ ಸಾವಕಾಶವಾಗಿ ಬರೆಯುತ್ತೇನೆ.

ತಂಬಾಕಿನಲ್ಲಿ, ಹೊಗೆಯಲ್ಲಿ, ಬೂಷ್ಟು ಹಿಡಿದ ಕಾಳಿನಲ್ಲಿ ಇರುವ ಕ್ಯಾನ್ಸರ್‌ಕಾರಕಗಳಲ್ಲಿ ಹೆಚ್ಚಿನವು ಇದ್ದ ಸ್ಥಿತಿಯಲ್ಲಿ ನಮ್ಮ ಡಿಎನ್‌ಎಗೆ ಅಂಟುವುದಿಲ್ಲ. ದೇಹವೇ ಅವನ್ನು ಅಂಟುವ ರೂಪಕ್ಕೆ ತರುತ್ತದೆ. ಇದನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಮಿಲ್ಲರ್ ಮತ್ತು ಎಲಿಜಬೆತ್ ಮಿಲ್ಲರ್ ದಂಪತಿ 1940ರ ದಶಕದಿಂದ ಹಲವು ದಶಕ ಕೆಲಸ ಮಾಡಿ ತೋರಿಸಿಕೊಟ್ಟರು. ಎಣ್ಣೆಯಲ್ಲಿ ಕರಗುವ ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದಲ್ಲಿ ಹೊರಹಾಕಲು ನೋಡುತ್ತದೆ. ಮೊದಲ ಹಂತದಲ್ಲಿ ಸೈಟೋಕ್ರೋಮ್ ಪಿ450 (ಸಿವೈಪಿ) ಎಂಬ ಕಿಣ್ವಗಳ, ಅಂದರೆ ಎಂಜೈಮ್‌ಗಳ, ಕುಟುಂಬ ಅದಕ್ಕೆ ಆಮ್ಲಜನಕ ಜೋಡಿಸುತ್ತದೆ. ಮನುಷ್ಯರಲ್ಲಿ ಈ ಕುಟುಂಬದ 57 ಜೀನುಗಳಿವೆ. ಆಮ್ಲಜನಕ ಸೇರಿದ ಹೊತ್ತಿನಲ್ಲಿ ಕೆಲವು ವಸ್ತುಗಳು ಮೊದಲಿಗಿಂತ ಬಹಳ ಚುರುಕಾಗಿ, ಹತ್ತಿರ ಸಿಕ್ಕ ಡಿಎನ್‌ಎಯನ್ನೇ ಹಿಡಿದುಕೊಳ್ಳುತ್ತವೆ. ಎರಡನೇ ಹಂತದಲ್ಲಿ ಗ್ಲೂಟಾಥಯೋನ್ ಟ್ರಾನ್ಸ್‌ಫರೇಸ್‌ನಂಥ ಕಿಣ್ವಗಳು ಅದಕ್ಕೆ ಇನ್ನೊಂದು ಅಣು ಸೇರಿಸಿ ತಣ್ಣಗಾಗಿಸಿ ಹೊರಗೆ ಕಳಿಸುತ್ತವೆ.

ಅಡಿಕೆ ಸುಲಿಯುವ ದಿನ ನೆನಪು ಮಾಡಿಕೋ. ಸುಲಿಯುವವರು ಚುರುಕು, ಹೊತ್ತು ಒಳಗಿಡುವವರು ನಿಧಾನ ಅಂದರೆ ಅಂಗಳದಲ್ಲಿ ರಾಶಿ ಬೀಳುತ್ತದೆ. ಮೊದಲ ಹಂತದ ಕಿಣ್ವ ಜೋರು, ಎರಡನೆಯದು ನಿಧಾನ ಆದರೆ ಜೀವಕೋಶದೊಳಗೆ ಬೀಳುವುದು ಇದೇ ರಾಶಿ.

ಈ ಕಿಣ್ವಗಳ ಜೀನುಗಳು ಎಲ್ಲರಲ್ಲೂ ಒಂದೇ ಥರ ಇಲ್ಲ. ಜಿಎಸ್‌ಟಿಎಂ1 ಎಂಬ ಎರಡನೇ ಹಂತದ ಜೀನು ಯುರೋಪಿನವರಲ್ಲಿ ಅರ್ಧದಷ್ಟು ಜನರಿಗೆ ಪೂರ್ತಿ ಇಲ್ಲವೇ ಇಲ್ಲ. ನಮ್ಮಲ್ಲಿ ಇಲ್ಲದವರು ಅದಕ್ಕಿಂತ ಕಡಿಮೆ. ಇಲ್ಲದವರೂ ಆರೋಗ್ಯವಾಗಿಯೇ ಇರುತ್ತಾರೆ. ಎನ್‌ಎಟಿ2 ಎಂಬ ಇನ್ನೊಂದು ಕಿಣ್ವ ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ನಿಧಾನ.

ಈಗ ನಿನ್ನ ಮನೆಗೆ ಸಂಬಂಧಪಟ್ಟದ್ದು. ತಂಬಾಕು ಒಣಗಿಸಿ ಹದ ಮಾಡುವಾಗ ಎನ್‌ಎನ್‌ಎನ್, ಎನ್‌ಎನ್‌ಕೆ ಎಂಬ ನೈಟ್ರೊಸಮೀನುಗಳು ಹುಟ್ಟುತ್ತವೆ. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ, ಅಂದರೆ ಐಎಆರ್‌ಸಿ, ಮನುಷ್ಯರಿಗೆ ಕ್ಯಾನ್ಸರ್ ತರುವ ಒಂದನೇ ಗುಂಪಿನಲ್ಲಿ ಇಟ್ಟಿದೆ. ಇವನ್ನು ಚುರುಕುಗೊಳಿಸುವ ಕಿಣ್ವಗಳಲ್ಲಿ ಒಂದು ಸಿವೈಪಿ2ಎ6. ಹತ್ತೊಂಬತ್ತನೇ ಕ್ರೋಮೊಸೋಮಿನಲ್ಲಿ ಅದರ ಜೀನು ಇದೆ. ಕೆಲವರಲ್ಲಿ ಆ ಜೀನೇ ಅಳಿಸಿಹೋಗಿರುತ್ತದೆ. ಶ್ರೀಲಂಕಾದಲ್ಲಿ ಎಲೆ ಅಡಿಕೆ ಹಾಕುವವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ: ಎರಡೂ ಪ್ರತಿ ಅಳಿಸಿಹೋದವರು ಬಾಯಿ ಕ್ಯಾನ್ಸರ್ ರೋಗಿಗಳ ನಡುವೆ ಕಡಿಮೆ ಸಿಕ್ಕರು. ನಿನ್ನ ಅಣ್ಣ ನೋಡಿದ ಜಾಹೀರಾತಿನ ಹಿಂದೆ ಇರುವುದು ಇಂಥ ಸಂಶೋಧನೆಯೇ.

ಅಲ್ಲಿಂದ ಮುಂದಕ್ಕೆ ಜಾಹೀರಾತು ಹೇಳದ್ದು ಇದೆ. ಊಟದ ಹೊತ್ತಾಯಿತು, ರಾತ್ರಿ ಬರೆಯುತ್ತೇನೆ.

ಬೆಟ್ಟದ ಬೆಳೆಗಾರ, ಸಿದ್ದಾಪುರ

ಮೇಡಂ, ವಿವರಿಸಿದ ರೀತಿ ಚೆನ್ನಾಗಿದೆ. ಒಂದು ವಿನಂತಿ. ಮುಂದಿನ ಪೋಸ್ಟಿನಲ್ಲಿ ತಂಬಾಕು ಬೇರೆ, ಅಡಿಕೆ ಬೇರೆ ಎಂದು ಸ್ಪಷ್ಟ ಮಾಡಿ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಗುರುತು ಸಿಕ್ಕಿತು, ನಾವೆಲ್ಲ ಹೆಮ್ಮೆ ಪಟ್ಟೆವು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು, ಮದುವೆ, ಆಸ್ಪತ್ರೆ ಬಿಲ್ಲು ಎಲ್ಲವೂ ಅಡಿಕೆಯಿಂದಲೇ. ಪ್ರತಿ ಸಲ ಕ್ಯಾನ್ಸರ್ ಅಂದಾಗ ನಮ್ಮ ಬೆಳೆಯ ಹೆಸರು ಕೆಡುತ್ತದೆ. ಕೆಡಿಸುವುದು ತಂಬಾಕು ಮತ್ತು ಆ ಪೊಟ್ಟಣದ ಗುಟ್ಕಾ. ನಮ್ಮ ಹಿರಿಯರು ಬರೀ ಅಡಿಕೆ, ಎಲೆ, ಸುಣ್ಣ ಹಾಕಿ ಚೆನ್ನಾಗಿಯೇ ಇದ್ದರು.

ಕಾಳಿ ದಂಡೆ, ಕಾರವಾರ

ನಮ್ಮಲ್ಲಿ ಯಾರಿಗೆ ಕ್ಯಾನ್ಸರ್ ಬಂದರೂ ಮೊದಲು ಬರುವ ಹೆಸರು ಕೈಗಾ ಅಣುಸ್ಥಾವರ. 2009ರಲ್ಲಿ ಅಲ್ಲಿ ಕೆಲಸಗಾರರು ಕುಡಿಯುವ ಕೂಲರ್ ನೀರಿನಲ್ಲಿ ವಿಕಿರಣ ಸೂಸುವ ಟ್ರಿಟಿಯಂ ಸೇರಿದ ಸುದ್ದಿ ಯಾರೂ ಮರೆತಿಲ್ಲ. ಹಾಗಾದರೆ ಅದಕ್ಕೂ ಈ ಕಿಣ್ವಗಳಿಗೂ ಸಂಬಂಧ ಇದೆಯೇ? ಇನ್ನೊಂದು, ನಮ್ಮ ಒಣ ಮೀನು. ಉಪ್ಪು ಮೀನಿನಿಂದ ಕ್ಯಾನ್ಸರ್ ಎಂದು ವಾಟ್ಸಾಪಿನಲ್ಲಿ ಬಂದಿತ್ತು. ಗೊತ್ತಿದ್ದರೆ ಹೇಳಿ ಅಕ್ಕಾ.

ಅಘನಾಶಿನಿ, ಕುಮಟಾ

ಮೊದಲು ಕಾರವಾರದವರಿಗೆ. ವಿಕಿರಣಕ್ಕೆ ಈ ಕಿಣ್ವಗಳ ಹಂಗಿಲ್ಲ. ಟ್ರಿಟಿಯಂನಂಥದ್ದು ಹೊರಸೂಸುವ ಕಣ ತಾನೇ ನೇರವಾಗಿ, ಇಲ್ಲವೇ ಕೋಶದೊಳಗಿನ ನೀರನ್ನು ಒಡೆದು, ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಆದ್ದರಿಂದ ಆ ಪ್ರಶ್ನೆಯನ್ನು ಬೇರೆಯಾಗಿ ಚರ್ಚಿಸೋಣ. ಮೀನಿನ ವಿಚಾರ: ಐಎಆರ್‌ಸಿ ಪಟ್ಟಿಯಲ್ಲಿ ಇರುವುದು ದಕ್ಷಿಣ ಚೀನಾದ ಪದ್ಧತಿಯ ಉಪ್ಪು ಮೀನು. ಅದನ್ನು ಸ್ವಲ್ಪ ಹಳಸಲು ಬಿಟ್ಟು ಹದ ಮಾಡುತ್ತಾರೆ, ಎಳೆ ಮಕ್ಕಳಿಗೂ ತಿನ್ನಿಸುತ್ತಿದ್ದರು, ಮೂಗಿನ ಹಿಂಭಾಗದ ಕ್ಯಾನ್ಸರಿಗೆ ಅದು ಕಾರಣಗಳಲ್ಲಿ ಒಂದು. ನಮ್ಮ ಒಣ ಬಾಂಗಡೆಗೆ ಆ ಹಣೆಪಟ್ಟಿ ಅಂಟಿಸಲು ಆಧಾರ ಇಲ್ಲ.

ಬೆಳೆಗಾರರೇ, ನಮ್ಮ ತವರುಮನೆಯೂ ಅಡಿಕೆ ತೋಟವೇ. ನಾನು ಓದಿದ್ದೂ ಅದೇ ದುಡ್ಡಿನಲ್ಲಿ. ಆ ಋಣ ಇಟ್ಟುಕೊಂಡೇ ಹೇಳುತ್ತೇನೆ. ತಂಬಾಕು ಸೇರಿದ ಕವಳವನ್ನು ಐಎಆರ್‌ಸಿ 1985ರಲ್ಲೇ ಕ್ಯಾನ್ಸರ್‌ಕಾರಕ ಎಂದಿತ್ತು. ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ 2004ರಲ್ಲಿ ಹೊರಬಂದ ಸಂಪುಟದಲ್ಲಿ ಅದೇ ಒಂದನೇ ಗುಂಪಿಗೆ ಸೇರಿಸಿತು. ಅಡಿಕೆಯ ಅರೆಕೋಲಿನ್ ಎಂಬ ಅಂಶವನ್ನು 2020ರಲ್ಲಿ ಸೇರಿದ ಸಮಿತಿ "ಸಾಧ್ಯತೆ ಇದೆ" ಎನ್ನುವ ಗುಂಪಿನಲ್ಲಿ ಇಟ್ಟಿತು. ಭಾರತ ಉಪಖಂಡದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2014ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಏನೂ ಹಾಕದವರಿಗೆ ಹೋಲಿಸಿದರೆ ತಂಬಾಕು ಸೇರಿದ ಕವಳ ಹಾಕುವವರಿಗೆ ಬಾಯಿ ಕ್ಯಾನ್ಸರಿನ ಅಪಾಯ ಎಂಟು ಪಟ್ಟಿನ ಹತ್ತಿರ, ತಂಬಾಕಿಲ್ಲದೆ ಹಾಕುವವರಿಗೆ ಎರಡೂವರೆ ಪಟ್ಟು. ತಂಬಾಕು ಬಹಳ ಕೆಟ್ಟದ್ದು ಎಂಬ ನಿಮ್ಮ ಮಾತು ಸರಿ. ಅಡಿಕೆ ನಿರಪಾಯ ಎಂಬ ಮಾತಿಗೆ ಮಾತ್ರ ಈ ಅಂಕಿ ಒಪ್ಪುವುದಿಲ್ಲ. ಅಡಿಕೆಯಲ್ಲಿರುವ ಪಾಲಿಫೀನಾಲುಗಳು ಸುಣ್ಣದ ಕ್ಷಾರದಲ್ಲಿ ಆಮ್ಲಜನಕದ ಚುರುಕು ಕಣಗಳನ್ನು ಬಾಯೊಳಗೇ ಹುಟ್ಟಿಸುತ್ತವೆ. ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರು ಕಟ್ಟಿಸುತ್ತದೆ. ಜಗಿಯುವಾಗ ಎಂಜಲಿನಲ್ಲೇ ಅದರಿಂದ ನೈಟ್ರೊಸಮೀನುಗಳೂ ಆಗುತ್ತವೆ. ಇವನ್ನು ಚುರುಕುಗೊಳಿಸಲು ಮತ್ತೆ ಅದೇ ಸಿವೈಪಿ2ಎ ಕುಟುಂಬದ ಕಿಣ್ವಗಳು ಸಾಕು.

ಈಗ ಜೀನಿನ ತೂಕ ನೋಡೋಣ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರುಗಳಲ್ಲಿ ಜಿಎಸ್‌ಟಿಎಂ1 ಇಲ್ಲದವರಿಗೆ ಅಪಾಯ ಎಷ್ಟು ಹೆಚ್ಚು ಎಂದು ಹತ್ತಾರು ಅಧ್ಯಯನ ಕೂಡಿಸಿ ನೋಡಿದರೆ ಒಂದೂಕಾಲು ಪಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ತಂಬಾಕಿನ ಕವಳದ್ದು ಎಂಟು, ಜೀನಿನದ್ದು ಒಂದೂಕಾಲು. ಅಣ್ಣ ಬಹಳ ಒಳ್ಳೆಯ ಜೀನು ಪಡೆದಿದ್ದಾನೆ ಎಂದೇ ಇಟ್ಟುಕೋ. ಎಂಟು ಪಟ್ಟು ಆರಕ್ಕೋ ಏಳಕ್ಕೋ ಇಳಿದೀತು. ಕವಳ ಹಾಕದವನ ಮಟ್ಟಕ್ಕೆ ಬರುವುದಿಲ್ಲ.

ಶ್ರೀಲಂಕಾದ ಫಲಿತಾಂಶ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಹೌದು. ಈ ಕ್ಷೇತ್ರದ ಚರಿತ್ರೆ ಗೊತ್ತಿದ್ದವರು ಅದನ್ನು ಹುಷಾರಾಗಿ ಹಿಡಿಯುತ್ತಾರೆ. 1984ರಲ್ಲಿ ಲಂಡನ್ನಿನ ತಂಡವೊಂದು ಡೆಬ್ರಿಸೋಕ್ವಿನ್ ಎಂಬ ರಕ್ತದೊತ್ತಡದ ಔಷಧವನ್ನು ಬೇಗ ಒಡೆಯುವ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಎಂದು ನೇಚರ್ ಪತ್ರಿಕೆಯಲ್ಲಿ ಬರೆಯಿತು. ಜಗತ್ತೆಲ್ಲ ಆ ಬೆನ್ನು ಹತ್ತಿತು. ಮುಂದೆ ದೊಡ್ಡ ಅಧ್ಯಯನಗಳಲ್ಲಿ ಆ ಸಂಬಂಧ ಸವೆದು ಸವೆದು ಬಹುಪಾಲು ಉಳಿಯಲೇ ಇಲ್ಲ. ನೂರಿನ್ನೂರು ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಆಕಸ್ಮಿಕವಾಗಿ ದೊಡ್ಡ ವ್ಯತ್ಯಾಸ ಕಾಣಬಹುದು. ಕಂಡದ್ದು ಅಚ್ಚಾಗುತ್ತದೆ, ಕಾಣದ್ದು ಕಪಾಟಿನಲ್ಲಿ ಉಳಿಯುತ್ತದೆ. ಪರೀಕ್ಷೆ ಮಾರುವವರು ಹಿಡಿದುಕೊಳ್ಳುವುದು ಅಚ್ಚಾದದ್ದನ್ನು.

ಗಟ್ಟಿಯಾಗಿ ನಿಂತ ಸಂಬಂಧಗಳೂ ಇವೆ, ಅದನ್ನು ಮುಚ್ಚಿಡಬಾರದು. ಎನ್‌ಎಟಿ2 ನಿಧಾನ ಇರುವವರಿಗೆ ಮೂತ್ರಕೋಶದ ಕ್ಯಾನ್ಸರ್ ಅಪಾಯ ಸ್ವಲ್ಪ ಹೆಚ್ಚು. ಬಣ್ಣದ ಕಾರ್ಖಾನೆಗಳ ಕೆಲಸಗಾರರಲ್ಲಿ 1982ರಲ್ಲೇ ಇದು ಕಂಡಿತ್ತು. 2005ರಲ್ಲಿ ಸ್ಪೇನಿನ ದೊಡ್ಡ ಅಧ್ಯಯನವೂ ಹೌದೆಂದಿತು. ಅಲ್ಲಿಯೂ ಹೆಚ್ಚಳ ಒಂದೂವರೆ ಪಟ್ಟಿನೊಳಗೆ, ಅದೂ ಎದ್ದು ಕಂಡದ್ದು ಬೀಡಿ ಸಿಗರೇಟು ಸೇದುವವರಲ್ಲಿ. ನಿಧಾನ ಕಿಣ್ವಕ್ಕೆ ಕೆಲಸ ಕೊಡುವ ವಿಷ ಒಳಗೆ ಹೋಗದಿದ್ದರೆ ಆ ಜೀನು ಸುಮ್ಮನೆ ಕೂತಿರುತ್ತದೆ.

ತೋಟದ ಮಾಣಿ, ಶಿರಸಿ

ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ದೊಡ್ಡ ಉಪಕಾರ ಆಯಿತು. ಅಣ್ಣನಿಗೆ ಓದಿಸಿದೆ. ಅವನು ಕೇಳಿದ್ದು: "ಹಾಗಾದರೆ ಅಜ್ಜ ಹೇಗೆ ಉಳಿದರು?"

ಅಘನಾಶಿನಿ, ಕುಮಟಾ

ಸರಿಯಾದ ಪ್ರಶ್ನೆಯೇ. ಎಂಟು ಪಟ್ಟು ಅಪಾಯ ಅಂದರೂ ಕವಳ ಹಾಕುವವರಲ್ಲಿ ಹೆಚ್ಚಿನವರಿಗೆ ಬಾಯಿ ಕ್ಯಾನ್ಸರ್ ಬರುವುದಿಲ್ಲ. ಅಜ್ಜ ಆ ಹೆಚ್ಚಿನವರಲ್ಲಿ ಒಬ್ಬರು. ಕ್ಯಾನ್ಸರ್ ಆಗಲು ಒಂದೇ ಜೀವಕೋಶದ ಸಂತತಿಯಲ್ಲಿ ಹಲವು ಮುಖ್ಯ ಜೀನುಗಳು ಕೆಡಬೇಕು. ಪ್ರತಿ ಪೆಟ್ಟು ಎಲ್ಲಿ ಬೀಳುತ್ತದೆ ಎಂಬುದರಲ್ಲಿ ಆಕಸ್ಮಿಕದ ಪಾಲು ಬಹಳ. ಪೆಟ್ಟು ಬಿದ್ದ ಡಿಎನ್‌ಎಯನ್ನು ರಿಪೇರಿ ಮಾಡುವ ಕಿಣ್ವಗಳೂ ಇವೆ, ಅವುಗಳಲ್ಲೂ ಮನುಷ್ಯರಿಂದ ಮನುಷ್ಯರಿಗೆ ವ್ಯತ್ಯಾಸ ಇದೆ. ದಿನಕ್ಕೆ ಎಷ್ಟು ಕವಳ, ಎಷ್ಟು ಹೊತ್ತು ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದರು, ರಾತ್ರಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದರೋ, ಜೊತೆಗೆ ಬೀಡಿಯೋ ಕುಡಿತವೋ ಇತ್ತೇ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಕಿಣ್ವದ ಪ್ರಮಾಣವೂ ಜೀನಿನಿಂದಷ್ಟೇ ತೀರ್ಮಾನ ಆಗುವುದಿಲ್ಲ. ಸಿವೈಪಿ2ಇ1 ಎಂಬುದು ಸಣ್ಣ ನೈಟ್ರೊಸಮೀನುಗಳನ್ನು ಚುರುಕುಗೊಳಿಸುವ ಕಿಣ್ವ. ದಿನವೂ ಕುಡಿಯುವವರ ದೇಹ ಅದನ್ನು ಹೆಚ್ಚು ತಯಾರಿಸಿಟ್ಟುಕೊಳ್ಳುತ್ತದೆ. ಹೊಗೆ ಕುಡಿಯುವವರಲ್ಲಿ ಸಿವೈಪಿ1ಎ1, 1ಎ2 ಏರುತ್ತವೆ. ಅಂದರೆ ಅಣ್ಣತಮ್ಮಂದಿರಿಬ್ಬರ ಜೀನು ಒಂದೇ ಇದ್ದರೂ, ಸಂಜೆಗೆ ಫೆನ್ನಿ ಕುಡಿಯುವವನಲ್ಲಿ ಆ ಕಿಣ್ವ ಬೇರೆ ಮಟ್ಟದಲ್ಲಿ ಇರುತ್ತದೆ. ಎಂಜಲು ಪರೀಕ್ಷೆಯ ಕಾಗದದಲ್ಲಿ ಇದು ಕಾಣುವುದಿಲ್ಲ.

ಗಂಗಾವಳಿ, ಅಂಕೋಲಾ

ನಡುವೆ ಬಾಯಿ ಹಾಕುತ್ತೇನೆ. ನಮ್ಮ ಅಮ್ಮ ಬೀಡಿ ಮುಟ್ಟಿದವಳಲ್ಲ. ಬಚ್ಚಲ ಹಂಡೆ, ಅಡುಗೆ ಒಲೆ, ವರ್ಷಗಟ್ಟಲೆ ಹೊಗೆಯಲ್ಲೇ ಊದಿದಳು. ಅದೂ ಇದೇ ದಾರಿಯೇ?

ಅಘನಾಶಿನಿ, ಕುಮಟಾ

ಹೌದು ತಂಗೀ, ವಸ್ತು ಬೇರೆ, ದಾರಿ ಇದೇ. ಹೊಗೆಯ ಕರಿಯಲ್ಲಿ ಬೆಂಜೊಪೈರಿನ್ ಎಂಬುದು ಇರುತ್ತದೆ. 1933ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲ ಡಾಂಬರಿನಿಂದ ಅದನ್ನು ಬೇರ್ಪಡಿಸಿದರು. ಸಿವೈಪಿ1ಎ1, 1ಬಿ1 ಕಿಣ್ವಗಳು ಇನ್ನೊಂದು ಕಿಣ್ವದ ಜೊತೆ ಸೇರಿ ಅದನ್ನು ಡಯೋಲ್ ಎಪಾಕ್ಸೈಡ್ ಎಂಬ ಅಂಟುವ ರೂಪಕ್ಕೆ ತರುತ್ತವೆ. 1996ರಲ್ಲಿ ಇನ್ನೊಂದು ತಂಡ ತೋರಿಸಿದ್ದು ಬಹಳ ದೊಡ್ಡ ವಿಷಯ: ಆ ಎಪಾಕ್ಸೈಡ್ ಪಿ53 ಎಂಬ ಕಾವಲು ಜೀನಿನಲ್ಲಿ ಅಂಟುವ ಜಾಗಗಳೂ, ಸೇದುವವರ ಶ್ವಾಸಕೋಶ ಗಡ್ಡೆಯಲ್ಲಿ ಆ ಜೀನು ಕೆಟ್ಟಿರುವ ಜಾಗಗಳೂ ಒಂದೇ. ಕಟ್ಟಿಗೆ ಒಲೆಯ ಹೊಗೆಯನ್ನು ಐಎಆರ್‌ಸಿ "ಬಹುಶಃ ಕ್ಯಾನ್ಸರ್‌ಕಾರಕ" ಎಂಬ ಗುಂಪಿನಲ್ಲಿ ಇಟ್ಟಿದೆ. ಅಮ್ಮನಿಗೆ ಕೆಮ್ಮು ಬಹಳ ದಿನದಿಂದ ಇದ್ದರೆ ತೋರಿಸಿ. ಅಡಿಕೆ ಬೇಯಿಸುವ ಮನೆಗಳಲ್ಲೂ ಒಲೆಯ ಮೇಲೆ ಚಿಮಣಿ ಎತ್ತರಕ್ಕೆ ಕಟ್ಟಿಸಬೇಕು. ಸುಗ್ಗಿಯಲ್ಲಿ ಹೆಂಗಸರು ಆ ಹೊಗೆಯಲ್ಲಿ ನಿಲ್ಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಲ್ಲಿನ ವೈದ್ಯೆ, ಹೊನ್ನಾವರ

ಇಡೀ ಚರ್ಚೆ ಓದಿದೆ. ಅಘನಾಶಿನಿ ಅಕ್ಕ ಹೇಳಿದ್ದರಲ್ಲಿ ಸೇರಿಸಲು ಏನೂ ಇಲ್ಲ. ನನಗೆ ಕೇಳಬೇಕಾದದ್ದು ಬೇರೆ. ಮಾಣೀ, ನಿನ್ನ ಅಣ್ಣನ ಬಾಯನ್ನು ಯಾರಾದರೂ ನೋಡಿದ್ದಾರೆಯೇ?

ಅವನಿಗೆ ಹೇಳು: ಕನ್ನಡಿ ಮುಂದೆ ನಿಂತು ಬಾಯಿ ಪೂರ್ತಿ ತೆರೆದು, ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಲಿ. ಸಾಮಾನ್ಯವಾಗಿ ಹೋಗಬೇಕು. ಖಾರ ತಿಂದರೆ ಬಾಯಿ ಉರಿಯುತ್ತದೆಯೇ, ಕೆನ್ನೆಯ ಒಳಗೆ ಬಿಳಚಿ ಗಟ್ಟಿಯಾಗಿದೆಯೇ, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದೆಯೇ ನೋಡಿ. ಕುತ್ತಿಗೆಯಲ್ಲಿ ಗಂಟು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಒಂದೇ ಕಡೆಯ ಕಿವಿನೋವು ಇವನ್ನೂ ಬಿಡಬೇಡಿ.

ತೋಟದ ಮಾಣಿ, ಶಿರಸಿ

ಡಾಕ್ಟ್ರೇ, ಈಗಷ್ಟೇ ನೋಡಿದೆವು. ಎರಡು ಬೆರಳು ಹೋಗುತ್ತದೆ, ಮೂರನೆಯದು ಹೋಗುವುದಿಲ್ಲ. ಅತ್ತಿಗೆ ಹೇಳಿದರು, ಕೆಲವು ತಿಂಗಳಿಂದ ಸಾರಿಗೆ ಖಾರ ಹಾಕಬೇಡ ಅನ್ನುತ್ತಿದ್ದಾನಂತೆ. ಎಡಗೆನ್ನೆಯಲ್ಲಿ, ಅವನು ಕವಳ ಇಟ್ಟುಕೊಳ್ಳುವ ಜಾಗದಲ್ಲೇ, ಬಿಳಿ ಮಚ್ಚೆ ಇದೆ. ನೋವಿಲ್ಲ ಎನ್ನುತ್ತಾನೆ. ಹೆದರಿಕೆ ಆಗುತ್ತಿದೆ.

ಹಲ್ಲಿನ ವೈದ್ಯೆ, ಹೊನ್ನಾವರ

ನೋವಿಲ್ಲ ಎಂದು ಕಾಯಬೇಡಿ. ಶುರುವಿನಲ್ಲಿ ನೋವು ಇರುವುದಿಲ್ಲ, ಹಾಗಾಗಿಯೇ ಜನ ತಡವಾಗಿ ಬರುತ್ತಾರೆ. ಬಾಯಿ ಕಡಿಮೆ ತೆರೆಯುವುದೂ ಖಾರಕ್ಕೆ ಉರಿಯುವುದೂ ಸಬ್‌ಮ್ಯೂಕಸ್ ಫೈಬ್ರೋಸಿಸ್ ಆಗಿರಬಹುದು, ಅಂದರೆ ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟುವುದು. ಅದಕ್ಕೆ ತಂಬಾಕು ಬೇಕಿಲ್ಲ. ಕೆಲವರಲ್ಲಿ ಅದು ವರ್ಷಗಳಾದ ಮೇಲೆ ಕ್ಯಾನ್ಸರಿಗೆ ತಿರುಗುತ್ತದೆ. ಕಟ್ಟಿದ ನಾರು ತಾನಾಗಿ ಕರಗುವುದಿಲ್ಲ, ಅಡಿಕೆ ನಿಲ್ಲಿಸಿದರೆ ಮುಂದುವರಿಯುವುದು ನಿಲ್ಲಬಹುದು. ಬಿಳಿ ಮಚ್ಚೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕಾಗಬಹುದು. ಫೋನಿನಲ್ಲಿ ಫೋಟೊ ಕಳಿಸಿದರೆ ನಾನು ಏನೂ ಹೇಳಲಾರೆ. ನೇರ ಹೋಗಿ.

ತಾಲೂಕು ಆಸ್ಪತ್ರೆಯಲ್ಲಿ ದಂತ ವಿಭಾಗ ಇದೆ, ಅಲ್ಲಿಂದ ಶುರು ಮಾಡಿ. ಮುಂದೆ ಬೇಕಾದರೆ ಕಾರವಾರದ ವೈದ್ಯಕೀಯ ಕಾಲೇಜು, ಹುಬ್ಬಳ್ಳಿ, ಮಣಿಪಾಲ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇವೆ. 30 ದಾಟಿದವರ ಬಾಯಿ ನೋಡುವುದು ಸರ್ಕಾರದ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ತಪಾಸಣೆಯಲ್ಲೇ ಸೇರಿದೆ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ದಿನ ತಿಳಿಸುತ್ತಾರೆ.

ಇಲ್ಲಿ ಓದುವ ಎಲ್ಲರಿಗೂ ಒಂದು ಅಂಕಿ ಹೇಳುತ್ತೇನೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ಯಂತ್ರ ಇಲ್ಲ, ಜೀನ್ ಪರೀಕ್ಷೆ ಇಲ್ಲ, ಕಣ್ಣು ಮತ್ತು ಬೆಳಕು. 2005ರ ವರದಿಯ ಪ್ರಕಾರ ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆ ಆಯಿತು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 1.4 ಲಕ್ಷಕ್ಕೂ ಹೆಚ್ಚು ಹೊಸ ಬಾಯಿ ಕ್ಯಾನ್ಸರ್ ರೋಗಿಗಳ ಅಂದಾಜು ಇದೆ. ಅಂಥ ಊರುಗಳಲ್ಲಿ ನಾವು ದುಡ್ಡು ಎಲ್ಲಿಗೆ ಹಾಕಬೇಕು ಎಂದು ನನ್ನನ್ನು ಕೇಳಿದರೆ, ಎಂಜಲು ಪರೀಕ್ಷೆಗೆ ಒಂದು ರೂಪಾಯಿಯೂ ಬೇಡ ಎನ್ನುತ್ತೇನೆ.

ಬೆಟ್ಟದ ಬೆಳೆಗಾರ, ಸಿದ್ದಾಪುರ

ಮಾಣೀ, ನಾಳೆಯೇ ಕರೆದುಕೊಂಡು ಹೋಗು. ಗಾಡಿ ಬೇಕಾದರೆ ನನ್ನದಿದೆ.

ಮೇಡಂ, ನಿಮ್ಮ ಅಂಕಿಗಳನ್ನು ಓದಿ ಎರಡು ದಿನ ಸುಮ್ಮನಿದ್ದೆ. ತೋಟ ಕಡಿಯಲು ನನ್ನಿಂದ ಆಗದು, ಕಡಿಯಿರಿ ಎಂದು ನೀವೂ ಹೇಳಿಲ್ಲ. ಆದರೆ ಸಂಘದ ಸಭೆಯಲ್ಲಿ ಒಂದು ಮಾತು ಎತ್ತುತ್ತೇನೆ: ಬೆಳೆಯುವ ನಾವೇ ನಮ್ಮ ಸದಸ್ಯರ ಬಾಯಿ ತಪಾಸಣೆ ಮಾಡಿಸಬೇಕು. ಅಡಿಕೆ ಚೊಗರು, ಹಾಳೆತಟ್ಟೆ, ಬಣ್ಣ ಇವುಗಳಿಗೆ ಹೆಚ್ಚು ಬೆಲೆ ಸಿಗುವ ದಾರಿ ಸಂಶೋಧಕರು ಹುಡುಕಿಕೊಡಲಿ. ರೈತನನ್ನು ಅಪರಾಧಿ ಮಾಡಿ ನಿಲ್ಲಿಸಿದರೆ ಅವನು ಮಾತು ಕೇಳುವುದಿಲ್ಲ.

ಅಘನಾಶಿನಿ, ಕುಮಟಾ

ಆ ಮಾತು ಎತ್ತಿದರೆ ನಾನೂ ಬಂದು ಮಾತಾಡುತ್ತೇನೆ, ಕರೆಯಿರಿ.

ಮಾಣಿಯ ಮೂರನೇ ಪ್ರಶ್ನೆ ಉಳಿದಿದೆ, ಮಕ್ಕಳಿಗೆ ಪರೀಕ್ಷೆ. ಈ ಕಿಣ್ವಗಳಿಗಾಗಿ ಬೇಡ. ಕ್ಯಾನ್ಸರ್ ನಿಜವಾಗಿ ವಂಶದಲ್ಲಿ ಹರಿಯುವ ಮನೆಗಳು ಬೇರೆ ಥರ ಕಾಣುತ್ತವೆ. ಚಿಕ್ಕ ವಯಸ್ಸಿನಲ್ಲೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಎರಡು ಮೂರು ತಲೆಮಾರಿನಲ್ಲಿ ಕಂಡರೆ ಬಿಆರ್‌ಸಿಎ ಜೀನುಗಳ ಪರೀಕ್ಷೆಗೆ ಅರ್ಥ ಇದೆ, ಅದೂ ಜೆನೆಟಿಕ್ ಕೌನ್ಸೆಲಿಂಗ್ ಮಾಡುವ ವೈದ್ಯರ ಮೂಲಕ. ಏನೂ ಹಾಕದ ಎಳೆ ವಯಸ್ಸಿನವರಿಗೆ ಬಾಯಿ ಕ್ಯಾನ್ಸರ್ ಬಂದರೆ ಫ್ಯಾಂಕೋನಿ ರಕ್ತಹೀನತೆಯಂಥ ಅಪರೂಪದ ಕಾಯಿಲೆ ಇದೆಯೇ ಎಂದು ನೋಡುತ್ತಾರೆ. ನಿಮ್ಮ ಚಿಕ್ಕಪ್ಪನದು ಆ ಗುಂಪಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದರೆ ಜೀನು ಅಂತಲೇ ಆಗಬೇಕಿಲ್ಲ, ತಬಕೂ ಒಂದೇ ಇರುತ್ತದೆ.

ತೋಟದ ಮಾಣಿ, ಶಿರಸಿ

ಹೋಗಿ ಬಂದೆವು. ನಾರುಗಟ್ಟಿದ್ದು ಹೌದು, ಮೊದಲ ಹಂತ ಎಂದರು. ಮಚ್ಚೆಯ ಚೂರು ಬಯಾಪ್ಸಿಗೆ ಹೋಗಿದೆ, ರಿಪೋರ್ಟ್ ಬರಬೇಕು. ಅಣ್ಣ ಕವಳ ಬಿಡುತ್ತೇನೆ ಎಂದಿದ್ದಾನೆ. ಬೆಳಿಗ್ಗೆಯಿಂದ ತಲೆನೋವು, ಸಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಬಿಸಾಡುತ್ತಿದ್ದಾನೆ. ಒಂದು ಗಂಟೆ ಕವಳ ಇಲ್ಲದೆ ಅವನು ಯಾವತ್ತೂ ಇದ್ದವನಲ್ಲ. ಬಿಡಿಸುವುದಕ್ಕೆ ಏನಾದರೂ ಔಷಧ ಇದೆಯೇ? ತಂಬಾಕು ಮಾತ್ರ ಬಿಟ್ಟು ಅಡಿಕೆ ಮುಂದುವರಿಸಿದರೆ ನಡೆದೀತೇ ಎಂದೂ ಕೇಳುತ್ತಿದ್ದಾನೆ.

ಹಲ್ಲಿನ ವೈದ್ಯೆ, ಹೊನ್ನಾವರ

ಅಡಿಕೆ ಮುಂದುವರಿಸಿದರೆ ನಾರು ಮುಂದುವರಿಯುತ್ತದೆ. ಎರಡೂ ಬಿಡಬೇಕು. ಅಂಗಡಿಯಲ್ಲಿ ಸಿಗುವ ಸಿಹಿ ಸುಪಾರಿಯೂ ಬೇಡ. ನಾರುಗಟ್ಟಿದ ಬಾಯಲ್ಲಿ ನಿಕೋಟಿನ್ ಚೂಯಿಂಗ್ ಗಮ್ ಜಗಿಯುವುದು ಕಷ್ಟ, ಉರಿಯೂ ಆಗುತ್ತದೆ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಅಥವಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ತಂಬಾಕು ಬಿಡುವವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356, ಕನ್ನಡದಲ್ಲೂ ಮಾತಾಡುತ್ತಾರೆ.

ಅಘನಾಶಿನಿ, ಕುಮಟಾ

ಅಣ್ಣನ ಒದ್ದಾಟ ಛಲ ಸಾಲದ್ದರಿಂದ ಎಂದು ಯಾರೂ ಬೈಯಬೇಡಿ. ಇಲ್ಲಿ ಮತ್ತೆ ಅದೇ ಸಿವೈಪಿ2ಎ6 ಬರುತ್ತದೆ. ನಿಕೋಟಿನ್ನಿನ ಹೆಚ್ಚಿನ ಪಾಲನ್ನು ಕೋಟಿನಿನ್ ಮಾಡಿ ಹೊರಹಾಕುವುದು ಈ ಕಿಣ್ವವೇ. ಇದು ಚುರುಕಾಗಿರುವವರಲ್ಲಿ ನಿಕೋಟಿನ್ ಬೇಗ ಇಳಿದು ಬೇಗ ಚಟ ಏಳುತ್ತದೆ, ಹಾಗಾಗಿ ಹೆಚ್ಚು ಸೇದುತ್ತಾರೆ. ನಿಧಾನ ಇರುವವರು ಕಡಿಮೆ ಸೇದುತ್ತಾರೆ, ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಾಣಲು ಇದೂ ಒಂದು ಕಾರಣ. 2008ರಲ್ಲಿ ಇಡೀ ಜೀನೋಮ್ ಜಾಲಾಡಿ ಶ್ವಾಸಕೋಶದ ಕ್ಯಾನ್ಸರಿಗೆ ಸಂಬಂಧಪಟ್ಟ ಜಾಗ ಹುಡುಕಿದಾಗಲೂ ಎದ್ದು ಬಂದದ್ದು ಹದಿನೈದನೇ ಕ್ರೋಮೊಸೋಮಿನಲ್ಲಿ ನಿಕೋಟಿನ್ ಹಿಡಿಯುವ ಗ್ರಾಹಕದ ಜೀನುಗಳು. ಅರೆಕೋಲಿನ್ ಕೂಡ ಮೆದುಳಿನ ಅದೇ ಥರದ ಗ್ರಾಹಕಗಳನ್ನು ಮುಟ್ಟುತ್ತದೆ, ಅದಕ್ಕೇ ಬರೀ ಅಡಿಕೆಯನ್ನೂ ಬಿಡುವುದು ಕಷ್ಟ.

2015ರಲ್ಲಿ ಸೇದುವವರ ಮೇಲೆ ನಡೆದ ಪ್ರಯೋಗವೊಂದು ಪ್ರಕಟವಾಯಿತು. ನಿಕೋಟಿನ್ ಸಾಮಾನ್ಯ ವೇಗದಲ್ಲಿ ಕರಗುವವರಿಗೆ ಪ್ಯಾಚಿಗಿಂತ ವರೆನಿಕ್ಲಿನ್ ಮಾತ್ರೆ ಹೆಚ್ಚು ಉಪಯೋಗಕ್ಕೆ ಬಂತು. ನಿಧಾನ ಕರಗುವವರಿಗೆ ಎರಡೂ ಹೆಚ್ಚು ಕಡಿಮೆ ಒಂದೇ, ಮಾತ್ರೆಯ ಅಡ್ಡಪರಿಣಾಮ ಮಾತ್ರ ಜಾಸ್ತಿ. ಆದ್ದರಿಂದ ವೈದ್ಯರಿಗೆ ಇಷ್ಟು ಹೇಳಿ: ಎದ್ದ ಕೂಡಲೇ ಕವಳ ಬೇಕು, ಗಂಟೆಗೊಂದು ಬೇಕು. ಪ್ಯಾಚೋ ಮಾತ್ರೆಯೋ ಎಂದು ತೀರ್ಮಾನಿಸಲು ಅವರಿಗೆ ಈ ವಿವರ ಬೇಕಾಗುತ್ತದೆ. ಮೊದಲ ಕೆಲವು ದಿನಗಳೇ ಬಹಳ ಕಷ್ಟ. ಆಯಿಗೆ ಹೇಳಿ ತಬಕನ್ನು ಜಗುಲಿಯಿಂದ ಒಳಗೆ ಇಡಿಸಿ, ಬಂದವರಿಗೂ ಸದ್ಯ ಕವಳ ಬೇಡ. ರಿಪೋರ್ಟ್ ಬಂದ ದಿನ ಇಲ್ಲಿ ಬರಿ.